ನಮ್ಮ ಜಿಲ್ಲೆಯ ಸಿದ್ದಿ, ಕುಣಬಿ, ಹಾಲಕ್ಕಿಗಳಿಗೆ ಸ್ವಂತ ಆಡಳಿತ ಯಾಕಿಲ್ಲ?

ಓದುಗರ ಪ್ರಶ್ನೆ: ಮೇಘಾಲಯ, ಮಿಜೋರಾಂ ಕಡೆ ಬುಡಕಟ್ಟಿನವರಿಗೆ ಅವರದೇ ಜಿಲ್ಲಾ ಪರಿಷತ್ತು ಇದೆಯಂತೆ. ಜಮೀನಿನ ಕಾನೂನನ್ನೂ ಅವರೇ ಮಾಡಿಕೊಳ್ಳುತ್ತಾರಂತೆ. ನಮ್ಮ ಉತ್ತರ ಕನ್ನಡದಲ್ಲಿ ಸಿದ್ದಿ, ಕುಣಬಿ, ಹಾಲಕ್ಕಿ, ಗೌಳಿ ಅಂತ ಇಷ್ಟು ಜನ ಇದ್ದಾರೆ. ಇಲ್ಲಿ ಅಂಥದ್ದು ಯಾಕಿಲ್ಲ? ಮುಂದೆ ಬರಬಹುದಾ?

ಶಿರಸಿಯಲ್ಲಿ ಕೂತು ಕಾಡಿನ ಹಕ್ಕಿನ ಬಗ್ಗೆ ಬರೆಯುವವರಿಗೆ ಪದೇ ಪದೇ ಎದುರಾಗುವ ಪ್ರಶ್ನೆ ಇದು. ನೇರವಾಗಿ ಹೇಳುತ್ತೇನೆ. ಮೇಘಾಲಯದಂಥ ಪರಿಷತ್ತು ನಮ್ಮ ಜಿಲ್ಲೆಗೆ ಈಗಿನ ಸಂವಿಧಾನದ ಪ್ರಕಾರ ಬರುವುದಿಲ್ಲ. ಆದರೆ ಕಾಡಿನ ವಿಷಯದಲ್ಲಿ ಅದಕ್ಕಿಂತ ದೊಡ್ಡ ಅಧಿಕಾರವೊಂದು 2008ರಿಂದ ನಮ್ಮ ಕೇರಿಗಳ ಬಾಗಿಲಲ್ಲೇ ಬಿದ್ದಿದೆ. ಅದನ್ನು ಎತ್ತಿಕೊಂಡವರು ಕಡಿಮೆ.

ಮೊದಲು ಪರಿಷತ್ತಿನ ವಿಷಯ. ಅದು ಬರುವುದು ಸಂವಿಧಾನದ ಆರನೇ ಅನುಸೂಚಿಯಿಂದ. ಅಸ್ಸಾಂ, ಮೇಘಾಲಯ, ತ್ರಿಪುರಾ, ಮಿಜೋರಾಂ, ಈ ನಾಲ್ಕು ರಾಜ್ಯಗಳ ಬುಡಕಟ್ಟು ಪ್ರದೇಶಗಳಿಗೆ ಮಾತ್ರ ಅದು ಅನ್ವಯ. ಸಾಮಾನ್ಯವಾಗಿ ಒಂದು ಪರಿಷತ್ತಿನಲ್ಲಿ ಹೆಚ್ಚೆಂದರೆ 30 ಸದಸ್ಯರು. ಅದರಲ್ಲಿ ನಾಲ್ವರವರೆಗೆ ರಾಜ್ಯಪಾಲರು ನೇಮಿಸುತ್ತಾರೆ, ಉಳಿದವರು ಚುನಾವಣೆಯಲ್ಲಿ ಗೆದ್ದು ಬರುತ್ತಾರೆ. ಜಮೀನು, ಕಾಡು ಸುಟ್ಟು ಮಾಡುವ ಬೇಸಾಯ, ಆಸ್ತಿ ಹಂಚಿಕೆ, ಮದುವೆ, ಊರಿನ ನ್ಯಾಯ ಇವುಗಳ ಬಗ್ಗೆ ಕಾನೂನು ಮಾಡಬಹುದು. ಕೆಲವು ತೆರಿಗೆಯನ್ನೂ ಹಾಕಬಹುದು.

ಇನ್ನೊಂದು ಐದನೇ ಅನುಸೂಚಿ. ಬುಡಕಟ್ಟಿನವರು ಜಾಸ್ತಿ ಇರುವ ಪ್ರದೇಶವನ್ನು ರಾಷ್ಟ್ರಪತಿಗಳು 'ಅನುಸೂಚಿತ ಪ್ರದೇಶ' ಅಂತ ಘೋಷಿಸುತ್ತಾರೆ. ಅಲ್ಲಿ 1996ರ ಪೆಸಾ, ಅಂದರೆ ಅನುಸೂಚಿತ ಪ್ರದೇಶಗಳಿಗೆ ಪಂಚಾಯತಿ ವಿಸ್ತರಿಸುವ ಕಾಯ್ದೆ ಜಾರಿಯಾಗುತ್ತದೆ, ಗ್ರಾಮ ಸಭೆಗೆ ಬಲ ಬರುತ್ತದೆ. ಹತ್ತು ರಾಜ್ಯಗಳಲ್ಲಿ ಇಂಥ ಪ್ರದೇಶಗಳಿವೆ. ಪಕ್ಕದ ಮಹಾರಾಷ್ಟ್ರ, ಆಂಧ್ರ, ತೆಲಂಗಾಣದಲ್ಲಿವೆ. ಕರ್ನಾಟಕದಲ್ಲಿ ಒಂದೂ ಇಲ್ಲ.

ಕಾರಣ ಲೆಕ್ಕದ್ದು. ಬುಡಕಟ್ಟಿನವರು ಬಹುಪಾಲು ಇರಬೇಕು, ಒತ್ತಟ್ಟಿಗಿರಬೇಕು, ಆ ಜಾಗ ಆಡಳಿತಕ್ಕೆ ಒಂದು ಘಟಕವಾಗುವಂತಿರಬೇಕು ಅನ್ನುವುದು ಅಳತೆ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಜನ 14 ಲಕ್ಷ ಚಿಲ್ಲರೆ. ಪರಿಶಿಷ್ಟ ಪಂಗಡದವರು ನೂರಕ್ಕೆ ಮೂವರೂ ಇಲ್ಲ. ಸಿದ್ದಿಯರು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಜೋಯಿಡಾ ಅಂತ ಚದುರಿದ್ದಾರೆ. ಕಾಡಿನೊಳಗೆ ಇಲ್ಲೊಂದು ಕೇರಿ, ಹಳ್ಳ ದಾಟಿದರೆ ಅಲ್ಲೊಂದು ಕೇರಿ. ಇದಕ್ಕೆ ಗೆರೆ ಎಳೆದು ಒಂದು ಪ್ರದೇಶ ಮಾಡುವುದು ಕಷ್ಟ.

ಚದುರಿದವರಿಗೆ ಸ್ವಂತ ಆಡಳಿತ ಆಗುವುದೇ ಇಲ್ಲ ಅಂತಲ್ಲ. ನಾರ್ವೆಯ ಮೂಲನಿವಾಸಿಗಳಾದ ಸಾಮಿ ಜನರಿಗೆ 1989ರಿಂದ ಅವರದೇ ಸಂಸತ್ತು ಇದೆ. ದೇಶದ ಯಾವ ಮೂಲೆಯಲ್ಲಿದ್ದರೂ ಹೆಸರು ನೋಂದಾಯಿಸಿದ ಸಾಮಿ ಮತ ಹಾಕಬಹುದು. ನಮ್ಮ ಸಂವಿಧಾನದಲ್ಲಿ ಆ ದಾರಿ ಸದ್ಯಕ್ಕಿಲ್ಲ.

ಹೆಚ್ಚಿನವರ ಉತ್ತರ ಇಲ್ಲಿಗೇ ಮುಗಿಯುತ್ತದೆ. ನಾನು ಇಲ್ಲಿಗೆ ನಿಲ್ಲಿಸಲಾರೆ. ಯಾಕೆ ಅಂತ ಹೇಳಲು ಒಂದು ಅಡುಗೆಮನೆಗೆ ಕರೆದುಕೊಂಡು ಹೋಗುತ್ತೇನೆ.

ಯಲ್ಲಾಪುರ ತಾಲೂಕಿನ ಒಂದು ಸಿದ್ದಿ ಕೇರಿ. ಆಷಾಢದ ಮಳೆ. ಒಲೆಯ ಮೇಲೆ ಬಿದಿರಿನ ಅಟ್ಟ, ಅಟ್ಟದ ತುಂಬ ಉಪ್ಪಾಗೆ ಅನ್ನುವ ಕಾಡಿನ ಹುಳಿ ಹಣ್ಣಿನ ಸಿಪ್ಪೆ. ಹಳದಿ ಹಣ್ಣು ಹೊಗೆಯಲ್ಲಿ ದಿನಗಟ್ಟಲೆ ಒಣಗಿ ಕಪ್ಪಾಗಿ, ಚಕ್ಕೆ ಚಕ್ಕೆಯಾಗಿ ಮುದುರಿತ್ತು. ಹೊಗೆಗೆ ನನ್ನ ಕಣ್ಣು ಉರಿಯುತ್ತಿತ್ತು. ಆ ಮನೆಯ ಅಕ್ಕ ಮಾತ್ರ ಸಿಪ್ಪೆ ಮಗುಚುತ್ತಲೇ ಇದ್ದರು. ಬೆರಳ ತುದಿಗಳು ಹುಳಿಗೆ ಬಿರುಕು ಬಿಟ್ಟಿದ್ದವು. "ಮರ ಹತ್ತುದು ನಮ್ಮ ಹುಡುಗ್ರು, ಒಣಗ್ಸುದು ನಾವು. ರೇಟು ಹೇಳುದು ಮಾತ್ರ ಅವ್ರು" ಅಂದರು. ಅವರು ಅಂದರೆ ಕಾಡಿನ ಉತ್ಪನ್ನದ ವಸೂಲಿಗೆ ಟೆಂಡರ್ ಹಿಡಿದ ಕಂತ್ರಾಟುದಾರ. ಯಾವ ಕಾಡಿನ ಉಪ್ಪಾಗೆ ಯಾರಿಗೆ ಹೋಗಬೇಕು ಅಂತ ಕೇರಿಯ ಯಾರನ್ನೂ ಕೇಳಿರಲಿಲ್ಲ.

ಸ್ವಂತ ಆಡಳಿತ ಅಂದರೆ ನನಗೆ ಮೊದಲು ನೆನಪಾಗುವುದು ಆ ಅಟ್ಟ. ಆ ಸಿಪ್ಪೆಯ ರೇಟು ಯಾರು ಹೇಳಬೇಕು?

ಕಾನೂನು ಇದಕ್ಕೆ ಉತ್ತರ ಕೊಟ್ಟಾಗಿದೆ. 2006ರಲ್ಲಿ ಆಗಿ, ನಿಯಮಗಳೊಂದಿಗೆ 2008ರಿಂದ ನಡೆದುಬಂದ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಜೇನು, ಉಪ್ಪಾಗೆ, ವಾಟೆ, ಸೀಗೆಯಂಥ ಕಿರು ಅರಣ್ಯ ಉತ್ಪನ್ನದ ಒಡೆತನ ಅದನ್ನು ಹಿಂದಿನಿಂದ ಕೂಡಿಸಿಕೊಂಡು ಬಂದ ಅರಣ್ಯವಾಸಿಗಳದ್ದು. ಸಂಗ್ರಹಿಸುವುದು ಮಾತ್ರವಲ್ಲ, ಮಾರುವ ಹಕ್ಕೂ ಸೇರಿದೆ. 2012ರ ತಿದ್ದುಪಡಿ ನಿಯಮದಂತೆ ಸಾಗಾಟದ ಪಾಸನ್ನೂ ಗ್ರಾಮ ಸಭೆಯ ಸಮಿತಿಯೇ ಕೊಡಬಹುದು.

ಅದಕ್ಕಿಂತ ದೊಡ್ಡದು ಸಮುದಾಯ ಅರಣ್ಯ ಸಂಪನ್ಮೂಲದ ಹಕ್ಕು. ಒಂದು ಊರಿನವರು ತಲೆಮಾರುಗಳಿಂದ ಬಳಸಿಕೊಂಡು, ಕಾಪಾಡಿಕೊಂಡು ಬಂದ ಕಾಡನ್ನು ಮುಂದೆ ನೋಡಿಕೊಳ್ಳುವ, ನಿರ್ವಹಿಸುವ ಅಧಿಕಾರ ಆ ಊರಿನ ಗ್ರಾಮ ಸಭೆಗೇ ಸೇರುತ್ತದೆ. ಯಾವ ಮರ ಬೆಳೆಸಬೇಕು, ಎಲ್ಲಿ ಮೇಯಿಸಬಾರದು, ಯಾವಾಗ ಕೊಯ್ಯಬೇಕು, ಎಲ್ಲಕ್ಕೂ ಸಭೆಯೇ ಯೋಜನೆ ಮಾಡಬಹುದು.

ಇಲ್ಲೊಂದು ಮಾತು ಗಮನಿಸಿ. ಆರನೇ ಅನುಸೂಚಿಯ ಪರಿಷತ್ತುಗಳಿಗೆ ಕಾಡಿನ ಮೇಲೆ ಅಧಿಕಾರ ಇದೆ ನಿಜ, ಆದರೆ ಮೀಸಲು ಅರಣ್ಯದ ಮೇಲೆ ಇಲ್ಲ. ಅನುಸೂಚಿಯಲ್ಲೇ ಹಾಗೆ ಬರೆದಿದೆ. ಅರಣ್ಯ ಹಕ್ಕು ಕಾಯ್ದೆ ಮೀಸಲು ಅರಣ್ಯಕ್ಕೂ ಅನ್ವಯ, ಅಭಯಾರಣ್ಯಕ್ಕೂ ಅನ್ವಯ, ರಾಷ್ಟ್ರೀಯ ಉದ್ಯಾನಕ್ಕೂ ಅನ್ವಯ. ಮುಕ್ಕಾಲು ಪಾಲಿಗಿಂತ ಹೆಚ್ಚು ಕಾಡೇ ಇರುವ ನಮ್ಮ ಜಿಲ್ಲೆಗೆ ಇದು ಸಣ್ಣ ವಿಷಯವಲ್ಲ. ಜೋಯಿಡಾದ ಎಷ್ಟೋ ಕುಣಬಿ ಊರುಗಳು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗಿವೆ. ಅಲ್ಲಿಯೂ ಈ ಹಕ್ಕು ಕೇಳಬಹುದು.

ಇದು ಬರೀ ಕಾಗದದ ಮಾತು ಅನ್ನುವವರಿಗೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಹಕ್ಕು ಸಿಕ್ಕಿತು, ಅದೂ ಹುಲಿ ಸಂರಕ್ಷಿತ ಪ್ರದೇಶದಲ್ಲಿ. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೇಂಢಾ ಲೇಖಾ ಊರಿಗೆ 2009ರಲ್ಲಿ ಸಿಕ್ಕಿತು. ಆಮೇಲೆ ತಮ್ಮ ಬಿದಿರನ್ನು ಆ ಊರಿನವರು ತಾವೇ ಮಾರಿದರು. ಒಡಿಶಾದ ನಿಯಮಗಿರಿಯಲ್ಲಿ ಬಾಕ್ಸೈಟ್ ಗಣಿ ಬೇಕೋ ಬೇಡವೋ ಎನ್ನುವಾಗ ಅಲ್ಲಿನ ಬುಡಕಟ್ಟಾದ ಡೋಂಗ್ರಿಯಾ ಕೋಂಧರ ದೇವರ ಬೆಟ್ಟದ ಹಕ್ಕನ್ನು ಗ್ರಾಮ ಸಭೆಗಳೇ ಪರಿಶೀಲಿಸಲಿ ಅಂತ ಸುಪ್ರೀಂ ಕೋರ್ಟ್ 2013ರ ಏಪ್ರಿಲ್‌ನಲ್ಲಿ ಹೇಳಿತು. ಹನ್ನೆರಡು ಊರುಗಳಲ್ಲಿ ಸಭೆ ನಡೆಯಿತು. ಹನ್ನೆರಡೂ ಬೇಡ ಅಂದವು. ಗಣಿ ಆಗಲಿಲ್ಲ.

ಹಾಗಾದರೆ ನಮ್ಮಲ್ಲಿ ಎಲ್ಲಿ ತಡೆ? ಎರಡು ಕಡೆ ಅಂತ ನನ್ನ ಅನಿಸಿಕೆ.

ಮೊದಲನೆಯದು ಯಾರನ್ನು ಬುಡಕಟ್ಟು ಅನ್ನುತ್ತೇವೆ ಅನ್ನುವುದು. ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅದೇ ವರ್ಷ ಗೋವಾದ ಕುಣಬಿಗಳೂ ಅಲ್ಲಿನ ಪಟ್ಟಿಗೆ ಸೇರಿದರು. ಜೋಯಿಡಾದ ಕುಣಬಿಗಳು ಸೇರಲಿಲ್ಲ. ಗಡಿಯ ಆಚೆ ನೆಂಟರ ಮನೆ, ಈಚೆ ತನ್ನ ಮನೆ. ಮಾತು ಒಂದೇ, ಹಬ್ಬ ಒಂದೇ. ಆಚೆಯವರು ಬುಡಕಟ್ಟು, ಈಚೆಯವರು ಅಲ್ಲ! ಹಾಲಕ್ಕಿಗಳ ಕಥೆಯೂ ಹಾಗೇ. ಅಂಕೋಲೆಯ ಸುಕ್ರಿ ಬೊಮ್ಮಗೌಡರಿಗೆ ಹಾಡಿಗಾಗಿ, ತುಳಸಿ ಗೌಡರಿಗೆ ಗಿಡಗಳಿಗಾಗಿ ಪದ್ಮಶ್ರೀ ಬಂತು. ತುಳಸಜ್ಜಿ 2024ರ ಡಿಸೆಂಬರಿನಲ್ಲಿ, ಸುಕ್ರಜ್ಜಿ 2025ರ ಫೆಬ್ರವರಿಯಲ್ಲಿ ಹೋದರು. ತಮ್ಮ ಸಮುದಾಯ ಆ ಪಟ್ಟಿಗೆ ಸೇರಿದ್ದನ್ನು ಇಬ್ಬರೂ ನೋಡಲಿಲ್ಲ. ಇದು ನನಗೆ ಈಗಲೂ ನೋವಿನ ವಿಷಯ.

ಪಟ್ಟಿಗೆ ಸೇರಿಸುವುದು ರಾಜ್ಯದ ಕೈಯಲ್ಲಿಲ್ಲ. ರಾಜ್ಯ ಶಿಫಾರಸು ಮಾಡಬೇಕು, ಕೇಂದ್ರದ ಕಚೇರಿಗಳು ಒಪ್ಪಬೇಕು, ಕಡೆಗೆ ಸಂಸತ್ತು ಕಾನೂನು ಮಾಡಬೇಕು.

ಪಟ್ಟಿಯಲ್ಲಿ ಇದ್ದರೆ ಏನು ವ್ಯತ್ಯಾಸ? ಅರಣ್ಯ ಹಕ್ಕಿನ ಅರ್ಜಿಯಲ್ಲಿ ದೊಡ್ಡ ವ್ಯತ್ಯಾಸ. ಸಿದ್ದಿ ಕುಟುಂಬ 2005ರ ಡಿಸೆಂಬರ್ 13ಕ್ಕೆ ಮೊದಲಿನ ಸಾಗುವಳಿ ತೋರಿಸಿದರೆ ಸಾಕು. ಕುಣಬಿ, ಹಾಲಕ್ಕಿ, ಗೌಳಿಗಳು 'ಇತರೆ ಪಾರಂಪರಿಕ ಅರಣ್ಯವಾಸಿ'ಗಳು. ಅವರು ಅದರ ಜೊತೆಗೆ ಮೂರು ತಲೆಮಾರು, ಅಂದರೆ 75 ವರ್ಷದ ವಾಸವನ್ನೂ ತೋರಿಸಬೇಕು. ಲೆಕ್ಕ ಹಾಕಿದರೆ 1930. ಬ್ರಿಟಿಷರ ಕಾಲದಲ್ಲಿ ಕಾಡು ಸುಟ್ಟು ಕುಮರಿ ಬೇಸಾಯ ಮಾಡುವವನಿಗೆ ಯಾರು ಕಾಗದ ಕೊಟ್ಟಿದ್ದರು ಹೇಳಿ. ಕುಮರಿಯನ್ನೇ ನಿಲ್ಲಿಸುತ್ತಿದ್ದ ಕಾಲ ಅದು.

ಒಬ್ಬ ಕುಣಬಿ ಹಿರಿಯರು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಕಾಗದಗಳನ್ನು ತಂದಿದ್ದರು. ರೇಷನ್ ಕಾರ್ಡು, ಮನೆ ತೆರಿಗೆಯ ರಸೀದಿ, ಮಡಚಿದಲ್ಲೇ ಹರಿದುಹೋದ ಹಳೆಯ ದಂಡದ ಚೀಟಿ. ಕಾಡಿನಲ್ಲಿ ಬೇಸಾಯ ಮಾಡಿದ್ದಕ್ಕೆ ಅವರ ಅಪ್ಪನಿಗೆ ಹಾಕಿದ ದಂಡ. "ಇದು ಎಸೆಯುವಾ ಅಂತಿದ್ದೆ" ಅಂದರು. ಎಸೆಯಬೇಡಿ ಅಂದೆ. ಅಪ್ಪ ಅಲ್ಲಿದ್ದರು ಅನ್ನುವುದಕ್ಕೆ ಸರ್ಕಾರವೇ ಬರೆದುಕೊಟ್ಟ ಸಾಕ್ಷಿ ಅದು.

ಇನ್ನೊಂದು ವಿಷಯ, ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಕಾಯ್ದೆ ಕೇಳುವುದು 75 ವರ್ಷದ ವಾಸ ಮತ್ತು ಕಾಡಿನ ಅವಲಂಬನೆ. ಅದೇ ಗದ್ದೆ 75 ವರ್ಷದಿಂದ ನಿಮ್ಮ ಕೈಯಲ್ಲೇ ಇರಬೇಕು ಅಂತಲ್ಲ. ಕಾಗದವೇ ಬೇಕು ಅಂತಲೂ ಇಲ್ಲ. ಊರಿನ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದು ಸಾಕ್ಷಿ. ಹಳೆ ಬಾವಿ, ಸ್ಮಶಾನ, ದೇವರ ಬನ, ಮನೆಯ ಅಡಿಪಾಯ, ಇವೂ ಸಾಕ್ಷಿ. ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಗ್ರಾಮ ಸಭೆಯ ಠರಾವಿನ ಮೇಲೆ 60 ದಿನದೊಳಗೆ ಉಪವಿಭಾಗ ಮಟ್ಟದ ಸಮಿತಿಗೆ ಹೋಗಬಹುದು. ಪರಿಶೀಲನೆ ಪೂರ್ತಿ ಮುಗಿಯುವವರೆಗೆ ಒಕ್ಕಲೆಬ್ಬಿಸುವಂತಿಲ್ಲ. 2019ರ ಫೆಬ್ರವರಿ 13ರಂದು ಅರ್ಜಿ ತಿರಸ್ಕಾರವಾದವರನ್ನು ತೆರವು ಮಾಡಿ ಅಂತ ಸುಪ್ರೀಂ ಕೋರ್ಟ್ ಆದೇಶ ಬಂದಾಗ ನಮ್ಮ ಜಿಲ್ಲೆಯ ಮನೆ ಮನೆಯಲ್ಲಿ ಭಯ ಹೊಕ್ಕಿತ್ತು. ಅದೇ ತಿಂಗಳ 28ಕ್ಕೆ ಆ ಆದೇಶಕ್ಕೆ ತಡೆ ಬಿತ್ತು.

ಎರಡನೇ ತಡೆ ಸಭೆಯದ್ದು. ನನ್ನ ಮಟ್ಟಿಗೆ ಇದೇ ದೊಡ್ಡದು.

ಒಂದು ಪಂಚಾಯತಿಯಲ್ಲಿ ಕಣ್ಣಾರೆ ಕಂಡೆ. ಸಭೆ ಇದ್ದದ್ದು ಪಂಚಾಯತಿ ಸಭಾಭವನದಲ್ಲಿ. ಸಿದ್ದಿ ಕೇರಿ ಅಲ್ಲಿಂದ ಎಂಟೊಂಬತ್ತು ಕಿಲೋಮೀಟರ್, ಬಸ್ಸಿಲ್ಲ. ಬಂದವರು ನಾಲ್ಕು ಜನ, ಕೂತದ್ದು ಹಿಂದಿನ ಬೆಂಚಿನಲ್ಲಿ. ಠರಾವು ಓದುವ ಮೊದಲೇ ಸಹಿಯ ಪುಸ್ತಕ ಅವರ ಮುಂದೆ ಬಂತು. ನಾಲ್ವರೂ ಸಹಿ ಹಾಕಿದರು. ಏನು ಬರೆದಿದೆ ಅಂತ ಕೇಳಿದೆ. ಒಬ್ಬರು ಸುಮ್ನೆ ನಕ್ಕರು.

ಈ ಕಾಯ್ದೆ ಬಯಸುವ ಗ್ರಾಮ ಸಭೆ ಇದಲ್ಲ. ಪಂಚಾಯತಿ ಮಟ್ಟದಲ್ಲಿ ಬೇಡ, ಕೇರಿ, ಮಜರೆ ಮಟ್ಟದಲ್ಲೇ ನಡೆಸಿ ಅಂತ ಕೇಂದ್ರದ ಬುಡಕಟ್ಟು ಸಚಿವಾಲಯ 2012ರಲ್ಲೇ ಹೇಳಿದೆ. ಸಭೆಗೆ ಅರ್ಧದಷ್ಟು ಸದಸ್ಯರಾದರೂ ಬರಬೇಕು. ಬಂದವರಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕು.

ಕೂತು ತೀರ್ಮಾನ ಮಾಡುವುದು ಇಲ್ಲಿನವರಿಗೆ ಹೊಸತೇನಲ್ಲ. ಹಾಲಕ್ಕಿ ಕೊಪ್ಪಗಳಲ್ಲಿ ಊರಗೌಡ, ಬುದವಂತ, ಕೋಲಕಾರ ಅಂತ ಇಂದಿಗೂ ಹೇಳುತ್ತಾರೆ. ಕೋಲಕಾರ ಕರೆಯುತ್ತಾನೆ, ಗೌಡರ ಮನೆಯ ಅಂಗಳದಲ್ಲಿ ಜನ ಸೇರುತ್ತಾರೆ, ಜಗಳ ಅಲ್ಲೇ ತೀರುತ್ತದೆ. ಆ ಅಂಗಳದಲ್ಲಿ ಹೆಂಗಸರ ಮಾತಿಗೆ ಜಾಗ ಕಮ್ಮಿ ಇತ್ತು ಅನ್ನುವುದನ್ನೂ ಹೇಳಲೇಬೇಕು. ಕಾಡಿಗೆ ಹೆಚ್ಚು ಹೋಗುವವರು ಅವರೇ. ಆದ್ದರಿಂದ ಹಳೆಯ ಕೂಟವನ್ನು ಇದ್ದ ಹಾಗೇ ತಂದರೆ ಸಾಲದು. ಕರೆಯುವ ಪದ್ಧತಿ ಅದೇ ಇರಲಿ, ಕೂರುವವರು ಎಲ್ಲರೂ ಆಗಲಿ.

ಹಾಗಾಗಿ ಪ್ರಶ್ನೆ ಕೇಳಿದವರಿಗೆ ನನ್ನ ಸಲಹೆ ಇಷ್ಟು. ಪರಿಷತ್ತು ಬರಲಿ ಅಂತ ಕಾಯಬೇಡಿ. ನಿಮ್ಮ ಕೇರಿಗೇ ಬೇರೆ ಗ್ರಾಮ ಸಭೆ ಬೇಕು ಅಂತ ಪಂಚಾಯತಿಗೆ ಬರೆದು ಕೊಡಿ, ಸ್ವೀಕೃತಿ ಪಡೆದುಕೊಳ್ಳಿ. ಅರಣ್ಯ ಹಕ್ಕಿನ ಅರ್ಜಿಯ ನಮೂನೆ 'ಎ' ಒಂದೊಂದು ಕುಟುಂಬದ ಜಮೀನಿಗೆ, 'ಬಿ' ಸಮುದಾಯದ ಬಳಕೆಗೆ, 'ಸಿ' ಇಡೀ ಕಾಡಿನ ನಿರ್ವಹಣೆಗೆ. ನಮ್ಮಲ್ಲಿ ಎಲ್ಲರೂ 'ಎ' ಹಿಂದೆ ಬಿದ್ದಿದ್ದೇವೆ. ಮನೆ, ಗದ್ದೆಯ ಪಟ್ಟಾ ಬೇಡ ಅನ್ನುತ್ತಿಲ್ಲ, ಅದು ಬೇಕೇ ಬೇಕು. ಆದರೆ ಉಪ್ಪಾಗೆ ಮರ ಇರುವುದು ಗದ್ದೆಯಲ್ಲಲ್ಲ, ಬೆಟ್ಟದಲ್ಲಿ.

ಆ ಯಲ್ಲಾಪುರದ ಕೇರಿಯಲ್ಲಿ ಮಳೆಗಾಲ ಮುಗಿದ ಮೇಲೆ ನಮೂನೆ 'ಸಿ' ತುಂಬಲು ಕೂತರು. ಗಡಿ ಬರೆಯುವ ಜಾಗದಲ್ಲಿ ಪೆನ್ನು ನಿಂತಿತು. ಒಬ್ಬ ಅಜ್ಜ ಎದ್ದು ಕೋಲಿನಲ್ಲಿ ಅಂಗಳದ ಮಣ್ಣಿನ ಮೇಲೆ ಹಳ್ಳ ಎಳೆದರು, ಹಳ್ಳದಾಚೆ ದೇವರ ಕಲ್ಲು ಇಟ್ಟರು. ಒಲೆ ಮುಂದೆ ಕಂಡಿದ್ದ ಅಕ್ಕ ಬಗ್ಗಿ ನೋಡಿ, ಕಲ್ಲನ್ನು ಎತ್ತಿ ಒಂದು ಗೇಣು ಆಚೆ ಇಟ್ಟರು. "ಅಲ್ಲಿ ತನಕ ಬೇಕು ಮಾವ, ದೊಡ್ಡ ಮರ ಎಲ್ಲ ಆ ಬದಿಗೇ ಇದ್ದು" ಅಂದರು. ಅಜ್ಜ ತಲೆಯಾಡಿಸಿದರು. ಬರೆಯುವ ಹುಡುಗ ಹಾಗೇ ಬರೆದ.