ಆಮೋಸ 7:14: ಕಾಲವಿಲ್ಲದ ಒಂದು ವಾಕ್ಯ

ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಪ್ರವಾದಿ ಆಮೋಸ ತನ್ನ ಬಗ್ಗೆ ಹೇಳಿಕೊಳ್ಳುವ ಈ ವಚನದ ಹೀಬ್ರೂ ಮೂಲ ಹೀಗಿದೆ: ‘ಲೋ ನಾವೀ ಆನೋಖೀ, ವೆಲೋ ಬೆನ್ ನಾವೀ ಆನೋಖೀ, ಕೀ ಬೋಕೇರ್ ಆನೋಖೀ ಊವೋಲೇಸ್ ಶಿಕ್ಮೀಮ್.’ ಪದಕ್ಕೆ ಪದ ಇಟ್ಟರೆ, ‘ಪ್ರವಾದಿಯಲ್ಲ ನಾನು, ಪ್ರವಾದಿಯ ಮಗನಲ್ಲ ನಾನು, ದನಗಾಹಿ ನಾನು, ಅತ್ತಿಹಣ್ಣಿನ ಕೆಲಸದವ.’ ಕಾಲ ತೋರಿಸುವ ಕ್ರಿಯಾಪದ ಒಂದೂ ಇಲ್ಲ. ತೊಡಕು ಇರುವುದೇ ಇಲ್ಲಿ. ಆಮೋಸ ‘ನಾನು ಪ್ರವಾದಿಯಲ್ಲ’ ಎನ್ನುತ್ತಿದ್ದಾನೋ, ‘ಆಗಿರಲಿಲ್ಲ’ ಎನ್ನುತ್ತಿದ್ದಾನೋ?

ಹಳೆಯ ಗ್ರೀಕ್ ಅನುವಾದವಾದ ಸೆಪ್ಟುಅಜಿಂಟ್ ‘ಆಗಿರಲಿಲ್ಲ’ ಎಂದಿತು, ಲ್ಯಾಟಿನ್ ಅನುವಾದವಾದ ವಲ್ಗೇಟ್ ‘ಅಲ್ಲ’ ಎಂದಿತು. ಇಂಗ್ಲಿಷಿನಲ್ಲೂ ಅಷ್ಟೇ: 1611ರ ಕಿಂಗ್ ಜೇಮ್ಸ್ ಅನುವಾದ ಭೂತಕಾಲ ಹಿಡಿದರೆ, 1952ರ ಆರ್‌ಎಸ್‌ವಿ (ರಿವೈಸ್ಡ್ ಸ್ಟ್ಯಾಂಡರ್ಡ್ ವರ್ಷನ್) ವರ್ತಮಾನ ಹಿಡಿಯಿತು.

ವ್ಯಾಕರಣ ಇದನ್ನು ಬಗೆಹರಿಸದು, ಸಂದರ್ಭ ನೋಡಬೇಕು. ಇಸ್ರಾಯೇಲಿನ ಬೇತೇಲಿನ ಯಾಜಕ ಅಮಚ್ಯ 12ನೇ ವಚನದಲ್ಲಿ ಆಮೋಸನಿಗೆ, ‘ಯೆಹೂದಕ್ಕೆ ಓಡಿಹೋಗು, ಅಲ್ಲೇ ರೊಟ್ಟಿ ತಿನ್ನು, ಅಲ್ಲೇ ಪ್ರವಾದಿಸು’ ಎಂದಿದ್ದಾನೆ. ಅಂದರೆ ಇದು ನಿನ್ನ ಹೊಟ್ಟೆಪಾಡು ಎಂಬ ಮೂದಲಿಕೆ. ಆಮೋಸನ ಉತ್ತರ ಅದಕ್ಕೇ ನೇರ ಏಟು: ನನಗೆ ಬೇರೆ ಕಸುಬಿದೆ. ‘ಪ್ರವಾದಿಯ ಮಗ’ ಎಂದರೂ ತಂದೆಯ ಮಾತಲ್ಲ. ಪ್ರವಾದಿ ಎಲೀಷನ ಕಥೆಗಳಲ್ಲಿ ಬರುವಂಥ ಪ್ರವಾದಿಗಳ ಮಂಡಲಿಗೆ ಸೇರಿದವನು ಎಂದರ್ಥ. ಹಾಗಾಗಿ ನನ್ನ ಮಟ್ಟಿಗೆ ವರ್ತಮಾನವೇ ಹೆಚ್ಚು ಹೊಂದುತ್ತದೆ. ಆದರೆ ಭೂತಕಾಲದವರ ವಾದವೂ ಹಗುರವಲ್ಲ: 15ನೇ ವಚನ ‘ಯೆಹೋವನು ನನ್ನನ್ನು ಮಂದೆಯ ಹಿಂದಿನಿಂದ ತೆಗೆದುಕೊಂಡನು’ ಎಂದು ನಡೆದುಹೋದ ಸಂಗತಿಯಾಗಿ ಮುಂದುವರಿಯುತ್ತದೆ. ಈ ಎರಡು ವಚನಗಳನ್ನು ಒಟ್ಟಿಗೇ ಓದಿ. 14ರಲ್ಲಿ ಮೂರು ಸಲ ‘ನಾನು’, 15ರಲ್ಲಿ ಎರಡು ಸಲ ‘ಯೆಹೋವ’. ಮಾತಿನ ಭಾರ ಒಬ್ಬರಿಂದ ಇನ್ನೊಬ್ಬರಿಗೆ ದಾಟುವುದು ಕಿವಿಗೇ ಕೇಳಿಸುತ್ತದೆ.

ಕನ್ನಡಕ್ಕೆ ಇಲ್ಲೊಂದು ಅನುಕೂಲವಿದೆ. ನಮ್ಮ ‘ಅಲ್ಲ’ ಕೂಡ ಕಾಲ ಹೇಳುವುದಿಲ್ಲ. ಬರೀ ‘ಪ್ರವಾದಿಯಲ್ಲ’ ಎಂದಾಗ ಕಿವಿ ವರ್ತಮಾನದತ್ತ ವಾಲುವುದು ನಿಜ, ಆದರೂ ‘ಆಗಿರಲಿಲ್ಲ’ ಎಂದು ಬರೆದು ಬಾಗಿಲು ಮುಚ್ಚುವುದಕ್ಕಿಂತ ಇದು ಮೂಲಕ್ಕೆ ಹತ್ತಿರ.

ಇನ್ನು ‘ಊವೋಲೇಸ್’ನಲ್ಲಿರುವ ‘ಬೋಲೇಸ್’, ಅಂದರೆ ಮೇಲೆ ‘ಕೆಲಸದವ’ ಎಂದು ಇಟ್ಟ ಪದ. ಇಡೀ ಹೀಬ್ರೂ ಬೈಬಲಿನಲ್ಲಿ ಈ ಪದ ಬರುವುದು ಇಲ್ಲೊಂದೇ ಕಡೆ. ಸೆಪ್ಟುಅಜಿಂಟ್ ಇದನ್ನು ಹಣ್ಣು ಗೀರುವುದು ಎಂದು ತಿಳಿದುಕೊಂಡಿತು. ಶಿಕ್ಮಾ (‘ಶಿಕ್ಮೀಮ್’ ಇದರ ಬಹುವಚನ) ಕಾಯಿಯನ್ನು ಗೀರಿದರೆ ಬೇಗ ಹಣ್ಣಾಗುತ್ತದೆ. ಶಿಕ್ಮಾ ನಮ್ಮ ಅತ್ತಿಯ ಕುಲದ್ದೇ, ಆದರೆ ಅದೇ ಮರವಲ್ಲ. ಅದು ಬೆಳೆಯುವುದು ತಗ್ಗುಪ್ರದೇಶದಲ್ಲಿ, ಆಮೋಸನ ಊರು ತೆಕೋವ ಇರುವುದು ಬೆಟ್ಟದ ಮೇಲೆ. ಆ ಕೆಲಸಕ್ಕೆ ಅವನು ಊರು ಬಿಟ್ಟು ಇಳಿದು ಹೋಗುತ್ತಿದ್ದಿರಬೇಕು.