ಮುಳ್ಳಯ್ಯನಗಿರಿಯ ಗಾಳಿ, ಹೂಮಳೆಯ ಮೋಡ ಮತ್ತು ರೇಡಿಯೊ ಸಂಕೇತ

ಅರಬ್ಬಿ ಸಮುದ್ರದ ಕಡೆಯಿಂದ ಬೀಸುವ ಮುಂಗಾರು ಗಾಳಿ ಪಶ್ಚಿಮ ಘಟ್ಟವನ್ನೇರಿ, ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯನ್ನು ಹಾಯ್ದು, ಕಡೂರಿನ ಬಯಲಿನತ್ತ ಇಳಿಯುತ್ತದೆ. ಬೆಟ್ಟವು ಮೇಲಕ್ಕೆತ್ತಿದ ಗಾಳಿ ತನ್ನ ಮೊದಲಿನ ಮಟ್ಟಕ್ಕೆ ಮರಳಿ ಸುಮ್ಮನಾಗುವುದಿಲ್ಲ. ಇಳಿದ ರಭಸಕ್ಕೆ ಆ ಮಟ್ಟವನ್ನೂ ದಾಟಿ ಕೆಳಗೆ ಹೋಗುತ್ತದೆ, ಮತ್ತೆ ಏರುತ್ತದೆ. ಒಣಗಾಳಿಯನ್ನು ಒಂದು ಕಿಲೋಮೀಟರ್ ಮೇಲಕ್ಕೆತ್ತಿದರೆ ಅದು ಹಿಗ್ಗಿ ಸುಮಾರು 9.8 ಡಿಗ್ರಿ ಸೆಲ್ಸಿಯಸ್‌ನಷ್ಟು ತಣ್ಣಗಾಗುತ್ತದೆ. ಸುತ್ತಲಿನ ವಾತಾವರಣವಾದರೋ ಅಷ್ಟು ಎತ್ತರಕ್ಕೆ ಸರಾಸರಿ 6.5 ಡಿಗ್ರಿಯಷ್ಟೇ ತಂಪಾಗಿರುವುದರಿಂದ, ಮೇಲೇರಿದ ಗಾಳಿ ನೆರೆಯ ಗಾಳಿಗಿಂತ ಭಾರವಾಗಿ ಗುರುತ್ವದ ಸೆಳೆತಕ್ಕೆ ಕೆಳಗಿಳಿಯುತ್ತದೆ. ಈ ತುಯ್ದಾಟವೇ ವಾಯುಮಂಡಲದ ಗುರುತ್ವ ಅಲೆ. ಕಪ್ಪುಕುಳಿಗಳ ಡಿಕ್ಕಿಯಿಂದ ಹೊಮ್ಮುವ, ಐನ್‌ಸ್ಟೈನ್ ಸಿದ್ಧಾಂತದ ಅಲೆಗಳಿಗೂ ಇದಕ್ಕೂ ಯಾವ ನಂಟೂ ಇಲ್ಲ. ಕೆಳ ವಾತಾವರಣದಲ್ಲಿ ಒಂದು ತುಯ್ತಕ್ಕೆ ಕನಿಷ್ಠ ಹತ್ತು ನಿಮಿಷದಷ್ಟು ಹಿಡಿಯುತ್ತದೆ. ನಿಧಾನದ ಅಲೆಗಳಿಗೆ ಗಂಟೆಗಟ್ಟಲೆ ಬೇಕು.

ನೆಲದ ಬಳಿ ಇಂಥ ಅಲೆ ನಮ್ಮ ಗಮನಕ್ಕೇ ಬಾರದಷ್ಟು ಕ್ಷೀಣ. ಆದರೆ ಅದು ಓರೆಯಾಗಿ ಮೇಲೇರುತ್ತ ಹೋದಂತೆ ಗಾಳಿ ತೆಳುವಾಗುತ್ತದೆ, ಅಲೆ ಹೊತ್ತ ಶಕ್ತಿ ಮಾತ್ರ ಹೆಚ್ಚೇನೂ ಕಡಿಮೆಯಾಗುವುದಿಲ್ಲ. ನೂರು ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರ ಮಟ್ಟದ್ದಕ್ಕಿಂತ ಸುಮಾರು ಇಪ್ಪತ್ತು ಲಕ್ಷ ಪಟ್ಟು ಕಡಿಮೆ. ವೇಗವು ಇದರ ವರ್ಗಮೂಲದ ಪ್ರಮಾಣದಲ್ಲಿ ಏರುವುದರಿಂದ, ಕೆಳಗೆ ಸೆಕೆಂಡಿಗೆ ಒಂದು ಸೆಂಟಿಮೀಟರ್ ಇದ್ದ ಅಲುಗಾಟ, ದಾರಿಯಲ್ಲಿ ಏನನ್ನೂ ಕಳೆದುಕೊಳ್ಳದಿದ್ದರೆ, ಅಲ್ಲಿ ಸೆಕೆಂಡಿಗೆ 14 ಮೀಟರ್ ಆದೀತು.

ಸೂರ್ಯನ ಕಿರಣಗಳು ಅಣುಗಳಿಂದ ಎಲೆಕ್ಟ್ರಾನುಗಳನ್ನು ಬಿಡಿಸಿ ಅಯಾನುಗೋಳವನ್ನು ನಿರ್ಮಿಸುವುದು ಇದೇ ಎತ್ತರಗಳಲ್ಲಿ. 1960ರಲ್ಲಿ ಕಾಲಿನ್ ಹೈನ್ಸ್ ಎಂಬ ವಿಜ್ಞಾನಿ, ರೇಡಿಯೊ ಪ್ರಯೋಗಗಳಲ್ಲಿ ಮೊದಲಿನಿಂದ ಕಾಣುತ್ತಿದ್ದ ಅಯಾನುಗೋಳದ ಚಲಿಸುವ ಕ್ಷೋಭೆಗಳ ಹಿಂದೆ ಗುರುತ್ವ ಅಲೆಗಳಿವೆ ಎಂದು ವಾದಿಸಿದರು. ಆ ವಾದ ಇಂದಿಗೂ ಗಟ್ಟಿಯಾಗಿ ನಿಂತಿದೆ. ಅಲೆಯು ರೇಡಿಯೊ ಸಂಕೇತವನ್ನು ನೇರವಾಗಿ ಮುಟ್ಟುವುದಿಲ್ಲ. ಅದು ಗಾಳಿಯನ್ನು ತಳ್ಳುತ್ತದೆ, ಗಾಳಿ ಅಯಾನುಗಳನ್ನು ತಳ್ಳುತ್ತದೆ, ಅವುಗಳ ಜೊತೆಗೆ ಸರಿದ ಎಲೆಕ್ಟ್ರಾನುಗಳು ಸಂಕೇತದ ದಾರಿಯನ್ನು ಬದಲಿಸುತ್ತವೆ.

ಚಿಕ್ಕಮಗಳೂರಿನ ತೋಟದ ಮನೆಯೊಂದರಲ್ಲಿ ಹ್ಯಾಮ್ ರೇಡಿಯೊ ಹವ್ಯಾಸಿಯೊಬ್ಬರು 10 ಮೆಗಾಹರ್ಟ್ಸ್‌ನಲ್ಲಿ ತೀರಾ ದೂರವಲ್ಲದ ಕೇಂದ್ರವೊಂದನ್ನು ಆಲಿಸುತ್ತಿದ್ದಾರೆ ಎನ್ನೋಣ. ಸಂಕೇತ ಬಹುತೇಕ ಕಡಿದಾಗಿ ಮೇಲೇರಿ ಮರಳುವಂತಿದ್ದು, ಅದನ್ನು ಹಿಂದಿರುಗಿಸುವ ಅಯಾನುಗೋಳದ ಪದರ ಸೆಕೆಂಡಿಗೆ 15 ಮೀಟರಿನಂತೆ ಮೇಲೆ ಸರಿದರೆ, ದಾರಿಯ ಉದ್ದ ಸೆಕೆಂಡಿಗೆ 30 ಮೀಟರ್ ಹೆಚ್ಚಿ ಆವರ್ತನ ಒಂದು ಹರ್ಟ್ಸ್‌ನಷ್ಟು ಕುಗ್ಗುತ್ತದೆ. ಕಿವಿಗೆ ಇದು ತಿಳಿಯದು, ಉಪಕರಣಕ್ಕೆ ತಿಳಿಯುತ್ತದೆ. ಕಿವಿಗೂ ತಿಳಿಯುವುದು ಬೇರೆ: ಅಲುಗುವ ಕೊಳದ ತಳದಲ್ಲಿ ಬಿಸಿಲು ಗೆರೆಗೆರೆಯಾಗಿ ಕೂಡಿ ಚದುರುವಂತೆ, ಅಲೆಯೆದ್ದ ಪದರವು ಸಂಕೇತವನ್ನು ಒಂದೆಡೆ ಕೂಡಿಸಿ ಇನ್ನೊಂದೆಡೆ ಚದುರಿಸುತ್ತದೆ. ಕ್ಷೋಭೆ ಸಾಗಿದಂತೆ ಧ್ವನಿ ಇಪ್ಪತ್ತು ನಿಮಿಷಕ್ಕೋ ಮುಕ್ಕಾಲು ಗಂಟೆಗೋ ಒಮ್ಮೆ ಏರಿ ಇಳಿಯುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಆಗುವ ಏರಿಳಿತಕ್ಕೆ ಸಾಮಾನ್ಯವಾಗಿ ಕಾರಣ, ಹಲವು ದಾರಿಗಳಲ್ಲಿ ಬಂದ ಸಂಕೇತಗಳು ಒಂದರ ಮೇಲೊಂದು ಬೀಳುವುದು. ಅದಕ್ಕೂ ಗುರುತ್ವ ಅಲೆಯನ್ನೇ ದೂರಬೇಕಾಗಿಲ್ಲ.

ಮಲೆನಾಡಿನಲ್ಲಿ ಇಂಥ ಅಲೆಗೆ ಮೂಲ ಯಾವುದು ಎಂದರೆ ಎಲ್ಲರ ಬೆರಳೂ ಬೆಟ್ಟದ ಕಡೆಗೇ ಹೋಗುತ್ತದೆ. ಮಳೆಗಾಲದ ಮಟ್ಟಿಗೆ ಬೆಟ್ಟವೇ ಮೂಲವೆಂದು ನನಗೆ ಅಷ್ಟಾಗಿ ಅನಿಸುವುದಿಲ್ಲ. ಬೆಟ್ಟ ಎಬ್ಬಿಸಿದ ಅಲೆ ಬೆಟ್ಟಕ್ಕೆ ಕಟ್ಟಿಹಾಕಿದಂತೆ ನಿಂತಲ್ಲೇ ನಿಂತಿರುತ್ತದೆ. ನೆಲದಿಂದ ನೋಡಿದರೆ ಅದರ ವೇಗ ಸೊನ್ನೆ. ಗಾಳಿಯ ವೇಗ ಅಲೆಯ ವೇಗಕ್ಕೆ ಸಮವಾಗುವ ಎತ್ತರವನ್ನು ಅಲೆ ದಾಟಲಾರದು. ಮುಂಗಾರಿನಲ್ಲಿ ಕೆಳಗೆ ಪಶ್ಚಿಮದ ಗಾಳಿ, ಮೇಲೆ ಪೂರ್ವದ ಬಿರುಗಾಳಿ; ಇವೆರಡರ ನಡುವೆ ಎಲ್ಲೋ ಒಂದೆಡೆ ಗಾಳಿ ಸೊನ್ನೆಯಾಗಲೇಬೇಕು. ಮುಳ್ಳಯ್ಯನಗಿರಿಯ ಅಲೆ ಬಹುಮಟ್ಟಿಗೆ ಅಲ್ಲಿಯೇ ಹೀರಿಹೋಗುತ್ತದೆ.

ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಬೆಳೆಗಾರರು ಎದುರುನೋಡುವ ಹೂಮಳೆಯನ್ನು ತರುವ ಗುಡುಗು ಮೋಡದ ಕಥೆ ಬೇರೆ. ಅದರೊಳಗಿನ ಏರುಗಾಳಿ ಹದಿನೈದು ಕಿಲೋಮೀಟರ್ ಎತ್ತರದವರೆಗೂ ನುಗ್ಗಿ, ಮೇಲಿನ ನೆಮ್ಮದಿಯ ಪದರವನ್ನು ಗುದ್ದಿ, ನಾನಾ ದಿಕ್ಕಿಗೆ ನಾನಾ ವೇಗದ ಅಲೆಗಳನ್ನು ಹೊರಡಿಸುತ್ತದೆ. ಅವುಗಳಲ್ಲಿ ನಿಧಾನದವು ದಾರಿಯಲ್ಲೇ ಅಡಗುತ್ತವೆ, ಕೆಲವು 80ರಿಂದ 100 ಕಿಲೋಮೀಟರ್ ಎತ್ತರದಲ್ಲಿ ಒಡೆದು ಹೊಸ ಅಲೆಗಳಿಗೆ ಜನ್ಮ ಕೊಡುತ್ತವೆ, ವೇಗದವು ಇನ್ನೂ ಮೇಲಕ್ಕೆ ಹೋಗುತ್ತವೆ. ಓರೆಯಾಗಿ ಏರುವುದರಿಂದ ಅವು ಅಯಾನುಗೋಳದ ಮೇಲ್ಪದರವನ್ನು ಮುಟ್ಟುವ ಹೊತ್ತಿಗೆ ಮೂಲದಿಂದ ನೂರಾರು ಕಿಲೋಮೀಟರ್ ಆಚೆಗಿರಬಹುದು. ಸಕಲೇಶಪುರದ ಗುಡುಗಿಗೆ ಸಕಲೇಶಪುರದ ನೆತ್ತಿಯೇ ಅಲುಗಬೇಕೆಂದೇನೂ ಇಲ್ಲ.

ಉಪಗ್ರಹದ ಸಂಕೇತಗಳು ಅಯಾನುಗೋಳದಲ್ಲಿ ಪ್ರತಿಫಲಿಸದೆ ಅದನ್ನು ತೂರಿ ಬರುತ್ತವೆಯಾದರೂ ತಡವಾಗಿ ಬರುತ್ತವೆ. ಸಂಕೇತದ ದಾರಿಯುದ್ದಕ್ಕೂ ಒಂದು ಚದರ ಮೀಟರ್ ಅಗಲದ ಕಂಬವನ್ನು ಊಹಿಸಿಕೊಂಡು, ಅದರಲ್ಲಿ ಹತ್ತು ಸಾವಿರ ಲಕ್ಷ ಕೋಟಿ ಎಲೆಕ್ಟ್ರಾನುಗಳು ಹೆಚ್ಚಾದರೆ, 1575.42 ಮೆಗಾಹರ್ಟ್ಸ್‌ನ ಜಿಪಿಎಸ್ ಅಳತೆಯಲ್ಲಿ ಸುಮಾರು 16 ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ಮಧ್ಯಮ ಗಾತ್ರದ ಕ್ಷೋಭೆಗಳು ಸಾಮಾನ್ಯವಾಗಿ ಇದಕ್ಕಿಂತ ಕಡಿಮೆಯೇ. ಮೊಬೈಲ್‌ನಲ್ಲಿ ದಾರಿ ಹುಡುಕುವವರಿಗೆ ಇದು ಲೆಕ್ಕಕ್ಕಿಲ್ಲ. ಜಮೀನಿನ ಗಡಿಯನ್ನು ಕೆಲವೇ ಸೆಂಟಿಮೀಟರಿನ ನಿಖರತೆಯಲ್ಲಿ ಅಳೆಯುವ ರೋವರ್ ಎಂಬ ಜಿಪಿಎಸ್ ಉಪಕರಣಕ್ಕೆ ಲೆಕ್ಕಕ್ಕಿದೆ, ಏಕೆಂದರೆ ಗೊತ್ತಿರುವ ಜಾಗದಲ್ಲಿ ನೆಲೆನಿಂತ ದೂರದ ನೆಲೆಕೇಂದ್ರದ ನೆತ್ತಿಯಲ್ಲೂ ತನ್ನ ನೆತ್ತಿಯಲ್ಲೂ ಅಯಾನುಗೋಳ ಒಂದೇ ತೆರನಾಗಿದೆ ಎಂಬ ಭರವಸೆಯ ಮೇಲೆ ಅದು ತಪ್ಪನ್ನು ಕಳೆಯುತ್ತದೆ. ನಡುವೆ ಅಲೆಯೊಂದು ಹಾದರೆ ಆ ಭರವಸೆ ಸಡಿಲವಾಗುತ್ತದೆ.

ಹಾಸನದಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಇದೆ. ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳೊಡನೆ ಅದು ನಡೆಸುವ ಸಂವಾದವೆಲ್ಲ ಅಯಾನುಗೋಳವನ್ನು ಹಾದೇ ಹೋಗಬೇಕು. ಆವರ್ತನ ಹೆಚ್ಚಿದಷ್ಟೂ ತೊಂದರೆ ಕಡಿಮೆ. ಭೂಮಿಯ ಕಾಂತಕ್ಷೇತ್ರ ನೆಲಕ್ಕೆ ಸಮಾನಾಂತರವಾಗಿರುವ ಭೂಕಾಂತೀಯ ಸಮಭಾಜಕವೂ ಇಲ್ಲಿಂದ ದೂರವಲ್ಲ, ದಕ್ಷಿಣಕ್ಕೆ ತಿರುವನಂತಪುರದ ಆಸುಪಾಸಿನಲ್ಲಿ ಹಾದುಹೋಗುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪ್ರದೇಶದ ಅಯಾನುಗೋಳದ ತಳದಿಂದ ಎಲೆಕ್ಟ್ರಾನು ವಿರಳವಾದ ಗುಳ್ಳೆಗಳೆದ್ದು, ಉಪಗ್ರಹದ ಸಂಕೇತವನ್ನು ಮಿನುಗಿಸುತ್ತವೆ, ಒಮ್ಮೊಮ್ಮೆ ರಿಸೀವರಿನ ಹಿಡಿತವನ್ನೇ ತಪ್ಪಿಸುತ್ತವೆ. ಗುಳ್ಳೆಯೇಳಲು ಬೇಕಾದ ಮೊದಲ ಅಲುಗಾಟವನ್ನು ಗುರುತ್ವ ಅಲೆ ಒದಗಿಸುತ್ತದೆಂಬ ವಿಚಾರಕ್ಕೆ ಬೆಂಬಲಿಗರು ಬಹಳ ಮಂದಿ, ಆದರೆ ಹೈನ್ಸ್ ವಾದಕ್ಕಿರುವಷ್ಟು ಆಧಾರ ಇದಕ್ಕಿನ್ನೂ ಕೂಡಿಬಂದಿಲ್ಲ. ನಮ್ಮ ಭಾಗದಲ್ಲಿ ಗುಳ್ಳೆಗಳ ಕಾಲವೂ ಹೂಮಳೆಯ ಕಾಲವೂ ಮಾರ್ಚ್, ಏಪ್ರಿಲ್‌ನಲ್ಲಿ ಒಂದಾಗುತ್ತವೆಂದು ಇವೆರಡನ್ನು ತಕ್ಷಣ ಗಂಟುಹಾಕಲು ಬಾರದು. ಹಗಲು ರಾತ್ರಿ ಸಮವಾಗುವ ವಿಷುವತ್ತಿನ ಆಸುಪಾಸಿನಲ್ಲಿ ಮುಸ್ಸಂಜೆಯ ಗೆರೆಯು ಭೂಕಾಂತ ರೇಖೆಗಳಿಗೆ ಬಹುತೇಕ ಹೊಂದಿಕೊಂಡು ಸಾಗುವುದೇ ಆ ಕಾಲಕ್ಕೆ ಮುಖ್ಯ ಕಾರಣ. ಮೋಡಗಳು ದಟ್ಟೈಸುವ ಜುಲೈನಲ್ಲಿ ಗುಳ್ಳೆಗಳು ಕಡಿಮೆಯೇ.