ಕೊಳವೆಬಾವಿಯ ನೀರಿಗೆ ಸಾಬೂನಿನ ಹನಿ

ನೀರಿನ ಗುಣಗಳನ್ನು ಕಲಿಸಲು ಕೋಲಾರದ ಹಳ್ಳಿಯ ಶಾಲೆಗೆ ದುಬಾರಿ ಉಪಕರಣಗಳು ಬೇಕಿಲ್ಲ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆಯಲ್ಲಿ ಎಷ್ಟೋ ಮನೆಗಳಿಗೆ ಕೊಳವೆಬಾವಿಯೇ ಆಧಾರ; ಆ ನೀರಿನಲ್ಲಿ ಬೇಳೆ ಬೇಗ ಬೇಯುವುದಿಲ್ಲ, ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಪದರ ಕಟ್ಟುತ್ತದೆ ಎಂಬುದನ್ನು ನನ್ನ ವಿದ್ಯಾರ್ಥಿಗಳು ಪಾಠಕ್ಕೆ ಮೊದಲೇ ಬಲ್ಲರು. ಇಂಥದ್ದೇ ಗಡಸು ನೀರು; ಅದರ ಗಡಸುತನವನ್ನು ಸಾಬೂನಿನಿಂದ ಅಳೆಯುವುದೇ ನಮ್ಮ ಪಾಠ.

ಒಂದೇ ಅಳತೆಯ ಮೂರು ಬಾಟಲಿಗಳಲ್ಲಿ ಮಳೆನೀರು, ಕೊಳವೆಬಾವಿಯ ನೀರು, ಅದೇ ನೀರನ್ನು ಕುದಿಸಿ ಆರಿಸಿ ಸೋಸಿದ್ದು, ಹೀಗೆ ತಲಾ 50 ಮಿಲಿಲೀಟರ್ ತೆಗೆದುಕೊಳ್ಳುತ್ತೇವೆ. ಮಳೆನೀರಿನಲ್ಲಿ ಕರಗಿಸಿದ ಸಾಬೂನನ್ನು ಹನಿಹನಿಯಾಗಿ ಹಾಕಿ ಕುಲುಕುತ್ತಾ, ನೊರೆ ಒಂದು ನಿಮಿಷ ನಿಲ್ಲುವವರೆಗೆ ಮಕ್ಕಳು ಹನಿಗಳನ್ನು ಎಣಿಸುತ್ತಾರೆ. ಬಟ್ಟೆ ಒಗೆಯುವ ಪುಡಿಯನ್ನು ಬಳಸಬಾರದು, ಅದು ಗಡಸು ನೀರಿನಲ್ಲೂ ನೊರೆ ಕೊಟ್ಟು ಪ್ರಯೋಗವನ್ನೇ ಕೆಡಿಸುತ್ತದೆ.

ಮಳೆನೀರಿಗೆ ಕೆಲವೇ ಹನಿ ಸಾಕು. ಕೊಳವೆಬಾವಿಯ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅಯಾನುಗಳು ಸಾಬೂನಿನೊಡನೆ ಸೇರಿ ಒಡೆದ ಹಾಲಿನಂತೆ ಕಾಣುವ ಕರಗದ ಕಣಗಳಾಗುವುದರಿಂದ, ಅವು ಮುಗಿಯುವ ತನಕ ನೊರೆ ನಿಲ್ಲುವುದಿಲ್ಲ. ಕುದಿಸಿದಾಗ ಈ ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟ್ ಲವಣ ಒಡೆದು, ಕರಗದ ಕಾರ್ಬೊನೇಟ್ ಆಗಿ ತಳ ಸೇರುತ್ತದೆ. ಪಾತ್ರೆಯ ಆ ಬಿಳಿಯ ಪದರಕ್ಕೆ ನಿಂಬೆರಸ ಹಿಂಡಿದರೆ ಗುಳ್ಳೆ ಏಳುವುದನ್ನು ನೋಡಲು ಇಡೀ ತರಗತಿ ಮೇಜಿನ ಸುತ್ತ ಸೇರುತ್ತದೆ. ಆದರೂ ಸಲ್ಫೇಟ್, ಕ್ಲೋರೈಡ್ ರೂಪದ ಗಡಸುತನ ಕುದಿಸಿದರೆ ಹೋಗದ ಕಾರಣ, ಮೂರನೆಯ ಬಾಟಲಿಯ ಎಣಿಕೆ ಸಾಮಾನ್ಯವಾಗಿ ಉಳಿದೆರಡರ ನಡುವೆ ನಿಲ್ಲುತ್ತದೆ.

ಒಮ್ಮೆ ಒಬ್ಬ ಹುಡುಗಿ, “ಹಾಗಾದ್ರೆ ನೊರೆ ಬರೋ ನೀರು ಕುಡಿಯೋಕೆ ಒಳ್ಳೇದಾ ಸಾರ್?” ಎಂದು ಕೇಳಿದಳು. ನಾನು ಅಷ್ಟು ವರ್ಷ ಪಾಠವನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದೆನೆಂದು ಅಂದು ಅರಿವಾಯಿತು. ನಮ್ಮ ಅಂತರ್ಜಲದ ನಿಜವಾದ ಆತಂಕ ಫ್ಲೋರೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ಕುದಿಸಿದರೆ ನೀರು ಆವಿಯಾಗಿ ಅದರ ಸಾಂದ್ರತೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಕ್ಯಾಲ್ಸಿಯಂ ಹೆಚ್ಚಿರುವ ಕಡೆ ಫ್ಲೋರೈಡ್ ಅದರೊಡನೆ ಸೇರಿ ನೀರಿನಿಂದ ಬೇರ್ಪಡುವ ಸಾಧ್ಯತೆಯಿದೆ. ಆದ್ದರಿಂದ ಚೆನ್ನಾಗಿ ನೊರೆ ಬರುವ ಮೆದು ಅಂತರ್ಜಲದಲ್ಲೇ ಫ್ಲೋರೈಡ್ ಅಧಿಕವಿರಬಹುದು. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ. ಬೇರೆ ನೀರಿನ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಅನುಮತಿಯಿದೆ. ಅದಕ್ಕಿಂತ ಹೆಚ್ಚಿನ ಫ್ಲೋರೈಡ್ ಇರುವ ನೀರನ್ನು ಎಳೆಯ ವಯಸ್ಸಿನಿಂದ ಕುಡಿದರೆ ಹಲ್ಲುಗಳ ಮೇಲೆ ಕಲೆ ಮೂಡುತ್ತದೆ, ವರ್ಷಗಟ್ಟಲೆ ಕುಡಿದರೆ ಮೂಳೆಗಳಿಗೂ ಹಾನಿ.

ಈಗ ಹನಿಗಳ ಲೆಕ್ಕದ ಕೆಳಗೆ “ಇದು ಗಡಸುತನದ ಅಳತೆ ಮಾತ್ರ” ಎಂದು ಮಕ್ಕಳಿಂದ ಬರೆಸುತ್ತೇನೆ. ಅದೇ ನೀರನ್ನು ಶುಭ್ರವಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ, ಬೀದಿಯ ಹೆಸರು ಮತ್ತು ತಾರೀಖಿನ ಚೀಟಿ ಅಂಟಿಸಿ, ನೀರಿನ ಪರೀಕ್ಷೆ ನಡೆಸುವ ಪ್ರಯೋಗಾಲಯಕ್ಕೆ ಕಳುಹಿಸುತ್ತೇವೆ.